ಅಲೆಮಾರಿಯ ಕೋಟು

ಕಾದ ಕಬ್ಬಿಣ, ಒದ್ದೆ ಕಲ್ಲು, ಹೊಗೆ ಕುಡಿದ ಉಣ್ಣೆ. ಈ ಮೂರೂ ಬೆರೆತ ವಾಸನೆ ಮೂಗಿಗೆ ಬಡಿದರೆ ಚೀಟಿಮೇಷ್ಟ್ರಿಗೆ ಇವತ್ತಿಗೂ ಏಳೇ ವರ್ಷ. ಆಗ ಅವರ ಬೀದಿಗೆ ಸಾಣೆ ಹಿಡಿಯುವವನೊಬ್ಬ ಬರುತ್ತಿದ್ದ. ಚಕ್ರ ತಿರುಗಿಸಿ ಮನೆಮನೆಯ ಚಾಕು, ಕತ್ತರಿಗಳನ್ನು ಹರಿತ ಮಾಡಿ, ಸಂಜೆಗೆ ಎತ್ತಲೋ ಮಾಯವಾಗುತ್ತಿದ್ದ. "ನಾನೂ ಅವನ ಹಾಗೆ ಊರೂರು ಸುತ್ತುತ್ತೀನಿ" ಎಂದದ್ದಕ್ಕೆ ಅಮ್ಮ ಬೆನ್ನಿಗೆ ಎರಡು ಬಿಗಿದು, "ಮೊದಲು ಒಂದು ಕಡೆ ಕೂತ್ಕೊಳ್ಳೋದು ಕಲಿ" ಎಂದಿದ್ದರು.

ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ, ವಸ್ತುಸಂಗ್ರಹಾಲಯದ ಒಂದೇ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತು, ಅಲ್ಲಿಟ್ಟ ವಸ್ತುಗಳಿಗೆಲ್ಲ ವಿವರದ ಚೀಟಿ ಬರೆದರು. ಆದರೂ ಕೆಲಸ ಖಾಯಂ ಆಗಿರಲಿಲ್ಲ. ಇವತ್ತು ಆಗಬೇಕಿತ್ತು. 'ಅಲೆಮಾರಿ: ಅಂದು, ಇಂದು' ಎಂಬ ಪ್ರದರ್ಶನ ನೋಡಲು ಹನ್ನೆರಡಕ್ಕೆ ಸಮಿತಿ ಬರುವುದು, ಮೇಷ್ಟ್ರು ಚೀಟಿ ಓದಿ ವಿವರಿಸುವುದು, ಅಧ್ಯಕ್ಷರಿಗೆ ಹಿಡಿಸಿದರೆ ಅಲ್ಲೇ ಸಹಿ.

ಬರೆದದ್ದೇನೋ ಚೆನ್ನಾಗಿಯೇ ಇತ್ತು. ಒಂದು ಕಾಲಕ್ಕೆ ಅಲೆಮಾರಿಗೆ ಊರಬಾಗಿಲಲ್ಲೇ ಛಡಿಯೇಟು. ಇನ್ನೊಂದು ಕಾಲಕ್ಕೆ ಅವನೇ ಸಂತನೆಂದು ಕಾಲು ತೊಳೆಯಲು ನೀರು. ಆದರೂ ಹಾಡು, ಸುದ್ದಿ, ಸೂಜಿ, ಕತೆ ಎಲ್ಲವೂ ಊರಿಂದೂರಿಗೆ ನಡೆದದ್ದು ಅವನ ಹೆಗಲೇರಿ.

ಹನ್ನೊಂದೂವರೆಗೆ, ಪ್ರದರ್ಶನದ ನಡುವೆ ಕೋಟು ತೊಡಿಸಿ ನಿಲ್ಲಿಸಿದ್ದ ಮಣ್ಣಿನ ಅಲೆಮಾರಿಯ ತಲೆ ಕಳಚಿ ಬಿತ್ತು. ಬಡಗಿ ಅದನ್ನು ಕಂಕುಳಲ್ಲಿ ಇರುಕಿಕೊಂಡು ಅಂಟು ಹುಡುಕಲು ಹೊರಟ.

"ಬೊಂಬೆ ಸರಿಹೋಗೋ ತನಕ ಈ ಕೋಟು ನೆಲಕ್ಕೆ ತಾಗಬಾರದು. ನೀವೇ ಹಾಕ್ಕೊಂಡಿರಿ ಮೇಷ್ಟ್ರೇ, ನಿಮ್ಮದೂ ಅದೇ ಅಳತೆ" ಎಂದು ಮೇಲ್ವಿಚಾರಕಿ ಮೇಡಮ್ಮು ಬಡಗಿಯ ಹಿಂದೆಯೇ ಓಡಿದರು.

ನಲವತ್ತು ತೇಪೆಯ ಕೋಟು. ತೋಳು ತೂರಿಸುತ್ತಲೇ ಅದೇ ವಾಸನೆ ಎದ್ದು ಬಂತು. ಮೇಷ್ಟ್ರು ಒಂದು ಕ್ಷಣ ಕಣ್ಣು ಮುಚ್ಚಿದರು. ತೆರೆದಾಗ ತಮ್ಮದೇ ಚೀಟಿ ಇರುವೆ ಸಾಲಿನಂತೆ ಕಂಡಿತು. ಕನ್ನಡಕ ಮನೆಯಲ್ಲೇ ಉಳಿದಿತ್ತು!

ಮನೆ ಎರಡು ಬೀದಿ ಆಚೆ. ಆದರೆ ಕೋಟು? ಪ್ರದರ್ಶನದ ವಸ್ತುವನ್ನು ಇಟ್ಟ ಜಾಗದಿಂದ ತೆಗೆಯಲು ಮೇಡಮ್ ಸಹಿ ಬೇಕೆಂಬುದು ಅಲ್ಲಿಯ ನಿಯಮ. ಕೋಟು ಇಟ್ಟ ಜಾಗ ಈಗ ಮೇಷ್ಟ್ರ ಮೈ. ಹನ್ನೊಂದು ವರ್ಷದಲ್ಲಿ ಒಂದು ನಿಯಮವನ್ನೂ ಮುರಿಯದ ಮೇಷ್ಟ್ರು ಕೋಟಿನ ಸಮೇತ ಓಡಿದರು.

ಬಾಗಿಲು ಬಡಿದರೆ, ಕಿಟಕಿ ಸಂದಿಯಿಂದ ಬರೀ ತೇಪೆ ಕಂಡ ಹೆಂಡತಿಯ ದನಿ ಒಳಗಿಂದ: "ಅಡುಗೆ ಇನ್ನೂ ಆಗಿಲ್ಲ ಕಣಪ್ಪಾ. ಅರ್ಧ ಗಂಟೆ ಬಿಟ್ಟು ಬಾ, ಇಟ್ಟಿರ್ತೀನಿ."

"ನಾನು ಕಣೇ! ಮನೆ ಯಜಮಾನ!"

"ಎಲ್ರೂ ಹಾಗೇ ಹೇಳೋದು" ಎನ್ನುತ್ತ ಬಾಗಿಲು ತೆರೆದಾಕೆ ಚೀರಿದ ಚೀರಿಗೆ ಪಕ್ಕದ ಮನೆಯ ದೊಡ್ಡಮ್ಮ ಸೌಟಿನ ಸಮೇತ ಹೊರಬಂದರು.

"ಅಯ್ಯೋ ತಮ್ಮಾ, ಇದೇನು ಅವತಾರ? ಕೆಲಸ ಹೋಯ್ತಾ?"

"ಇಲ್ಲ ದೊಡ್ಡಮ್ಮಾ, ಇವತ್ತು ಖಾಯಂ ಆಗತ್ತೆ!"

"ಪಾಪ, ತಲೆಗೂ ಹತ್ತಿಬಿಟ್ಟಿದೆ" ಎಂದರು ದೊಡ್ಡಮ್ಮ, ಎದುರುಮನೆಯ ದರ್ಜಿಗೆ. ದರ್ಜಿ ಕೋಟನ್ನು ಮೇಲಿಂದ ಕೆಳಗೆ ನೋಡಿ, "ಬೆಳಗ್ಗೆ ಹೋಗುವಾಗ ಚೆನ್ನಾಗೇ ಇದ್ದರು. ಇಷ್ಟು ಬೇಗ ಇಷ್ಟು ಹರಿಯತ್ತಾ!" ಎಂದು ನಿಟ್ಟುಸಿರು ಬಿಟ್ಟ.

ಮೇಷ್ಟ್ರು ಒಳನುಗ್ಗಿ ಕನ್ನಡಕ ಎತ್ತಿಕೊಂಡು ಓಟ ಕಿತ್ತರು. ಹಿಂದೆ ದೊಡ್ಡಮ್ಮ, ದರ್ಜಿ, ದಾರಿಯಲ್ಲಿ ಸೇರಿಕೊಂಡ ಇನ್ನೆಂಟು ಮಂದಿ, ಬೆಲ್ಲ ಕಂಡ ಇರುವೆಗಳ ಹಾಗೆ.

ಸಮಿತಿ ಆಗಲೇ ಬಂದಿತ್ತು. ತಲೆಯಿಲ್ಲದ ಬೊಂಬೆಯ ಮುಂದೆ ಅಧ್ಯಕ್ಷರು ಮುಖ ಗಂಟಿಕ್ಕಿ ನಿಂತಿದ್ದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಕೈಮುಗಿದರು: "ಇವನನ್ನ ಬೀದಿಪಾಲು ಮಾಡಬೇಡಿ ಸ್ವಾಮಿ! ಇಲ್ಲೇ ಒಂದು ಮೂಲೇಲಿ ಕೂತಿರಲಿ. ಬಡಪಾಯಿ, ಯಾರಿಗೂ ತೊಂದರೆ ಕೊಡೋನಲ್ಲ."

ಅಧ್ಯಕ್ಷರು ಕೋಟು ನೋಡಿದರು. ಓಡಿ ಓಡಿ ಕೆದರಿದ ಕೂದಲು, ಧೂಳು ಮೆತ್ತಿದ ಕಾಲು ನೋಡಿದರು. ಮುಖ ಅರಳಿತು.

"ಮೂಲೇಲಿ ಯಾಕೆ ತಾಯೀ? ನಟ್ಟನಡುವೆ ಕೂರಿಸೋಣ! ಎಷ್ಟು ಸಹಜವಾಗಿದೆ ನೋಡಿ!"

"ಸಾರ್, ನಾನು ಚೀಟಿ ಬರೆಯೋನು..."

"ಚೀಟಿ ಎಲ್ಲ ಬರೆದು ಮುಗೀತಲ್ಲ? ಆ ಹುದ್ದೆ ಇನ್ನು ಬೇಡ. ನೀವು ಮಾತಾಡಬೇಡಿ, ಸುಮ್ಮನಿದ್ದರೇ ಚೆಂದ."

ಅಲ್ಲೇ ಸಹಿ ಬಿತ್ತು. ಅಲೆಮಾರಿಯ ಹುದ್ದೆ ಖಾಯಂ. ಹತ್ತರಿಂದ ಐದು, ಕೂತ ಜಾಗ ಬಿಟ್ಟು ಕದಲಕೂಡದು. ನೆರೆಹೊರೆ ಚಪ್ಪಾಳೆ ತಟ್ಟಿತು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗಿ ಬರ್ತೀನಪ್ಪಾ, ಅಲ್ಲಿ ಇಲ್ಲಿ ಅಲೀಬೇಡ" ಎಂದರು. ಬಡಗಿ ಸುತ್ತಲೂ ಹಗ್ಗ ಕಟ್ಟಿದ.

ಮೂರು ಗಂಟೆಯ ಹೊತ್ತಿಗೆ ಮೇಷ್ಟ್ರ ಹೊಟ್ಟೆ ಚುರುಗುಟ್ಟುತ್ತಿತ್ತು. ಆಗ ಮೊದಲು ಬಂದದ್ದು ವಾಸನೆ: ಕಾದ ಕಬ್ಬಿಣ, ಒದ್ದೆ ಕಲ್ಲು. ಆಮೇಲೆ ಬಿಸಿಲಿನಿಂದ ತಪ್ಪಿಸಿಕೊಂಡು ಒಳಬಂದ ಸಾಣೆಯವನೊಬ್ಬ. ಕಾವಲುಗಾರ ಗದರಲಿಲ್ಲ, ಅವನ ಹೆಗಲಿನ ಚಕ್ರ ಇಳಿಸಿಕೊಂಡು ನೆರಳಿಗಿಟ್ಟ.

ಸಾಣೆಯವನು ಕೋಟು ನೋಡಿದ. ಹಗ್ಗ ನೋಡಿದ. ಬಗ್ಗಿ ಮೆಲ್ಲಗೆ ಕೇಳಿದ:

"ಎಷ್ಟು ದಿನ ಆಯ್ತಣ್ಣಾ, ಇವ್ರು ನಿನ್ನ ಹಿಡಿದು?"

ಮೇಷ್ಟ್ರು ಮಾತಾಡುವಂತಿರಲಿಲ್ಲ. ಸಾಣೆಯವನು ಅತ್ತಿತ್ತ ಕಣ್ಣಾಡಿಸಿ ತನ್ನ ಬುತ್ತಿಗಂಟು ಬಿಚ್ಚಿದ. ಇದ್ದುದನ್ನು ಎರಡು ಪಾಲು ಮಾಡಿ, ಹಗ್ಗದ ಮೇಲಿಂದ ಕೈ ಚಾಚಿ, ದೊಡ್ಡ ಪಾಲನ್ನು ಸದ್ದಿಲ್ಲದೆ ಮೇಷ್ಟ್ರ ಮಡಿಲಿಗಿಟ್ಟ.