ಹೌದು ಮೇಷ್ಟ್ರ ಮೂರನೇ ಗೆರೆ

ಗೆರೆ ಎಳೆಯುವುದು ಅಂಥ ಮಹಾ ಕೆಲಸವೇನಲ್ಲ. ಆದರೂ ಅವತ್ತು ಬೆಳಿಗ್ಗೆ ಹೌದು ಮೇಷ್ಟ್ರು ಮನೆಯ ಹೊರಕೋಣೆಯ ನೆಲದ ಮೇಲೆ ಬೋರಲು ಬಿದ್ದು, ನಾಲ್ಕೇ ನಾಲ್ಕು ಗೆರೆ ಎಳೆಯುವುದಕ್ಕೆ ಪೂರ್ತಿ ಒಂದು ಗಂಟೆ ತೆಗೆದುಕೊಂಡಿದ್ದರು.

'ಹೌದು ಮೇಷ್ಟ್ರು' ಎನ್ನುವುದು ವಿದ್ಯಾರ್ಥಿಗಳು ಇಟ್ಟ ಹೆಸರು. ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಮನಶ್ಶಾಸ್ತ್ರದ ಪರಿಚಯ ಮಾಡಿಕೊಡುವುದು ಅವರ ಕೆಲಸ. ಯಾರು ಏನು ಹೇಳಿದರೂ ಹೌದು ಅನ್ನುವುದು ಅವರ ಸ್ವಭಾವ. "ಸಾರ್, ಇವತ್ತು ಕ್ಲಾಸ್ ಬೇಡ" ಅಂದರೆ "ಹೌದು, ಬೇಡ." ಹಿಂದೆಯೇ ಪ್ರಿನ್ಸಿಪಾಲರು ಬಂದು "ಏನ್ರೀ, ಕ್ಲಾಸ್ ಇದೆ ಅಲ್ವಾ?" ಅಂದರೆ "ಹೌದು ಸಾರ್, ಇದೆ." ಹನ್ನೊಂದು ವರ್ಷದಿಂದ ಅವರದು ತಾತ್ಕಾಲಿಕ ನೌಕರಿ. ಪ್ರತಿ ವರ್ಷ ಪ್ರಿನ್ಸಿಪಾಲರು "ಈ ವರ್ಷ ಖಾಯಂ ಮಾಡೋದು ಸ್ವಲ್ಪ ಕಷ್ಟ, ಅಲ್ವೇನ್ರೀ?" ಎಂದು ಕೇಳಿದಾಗ ಮೇಷ್ಟ್ರು ಏನು ಉತ್ತರ ಕೊಟ್ಟಿರಬಹುದೆಂದು ಬೇರೆ ಹೇಳಬೇಕಾಗಿಲ್ಲ.

ಈ ವರ್ಷ ಮಾತ್ರ ವಿಷಯ ಬೇರೆ. ಮೇಲಿನ ಕಚೇರಿಯಿಂದ ಪರಿಶೀಲಕರೊಬ್ಬರು ಬಂದು, ಮೇಷ್ಟ್ರ ಪಾಠ ನೋಡಿ, ಖಾಯಂ ಮಾಡಬಹುದೋ ಇಲ್ಲವೋ ಎಂದು ಅಲ್ಲೇ ಬರೆದುಕೊಡುವವರಿದ್ದರು. ಆ ಬರುವ ದಿನವೇ ಇವತ್ತು.

"ರೀ, ಎದ್ದೇಳಿ, ಕಸ ಗುಡಿಸ್ಬೇಕು. ಏನದು, ರೈಲು ಹಳಿ ಬರೀತಿದೀರಾ?" ಎಂದಳು ಹೆಂಡತಿ. ಆಕೆ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರ ಇದ್ದದ್ದೂ ಅದೇ ಕೋಣೆಯಲ್ಲಿ. ಎದ್ದಾಗಿನಿಂದ ಮಲಗುವವರೆಗೆ ಅವಳ ಕೊರಳಲ್ಲಿ ಅಳತೆ ಟೇಪು ಇದ್ದೇ ಇರುತ್ತಿತ್ತು.

"ಪ್ರಯೋಗ ಕಣೇ," ಎಂದರು ಮೇಷ್ಟ್ರು. "ಈ ಹಾಳೆಲಿ ಒಂದೇ ಗೆರೆ. ಆ ಹಾಳೆಲಿ ಮೂರು. ಮೂರರಲ್ಲಿ ಯಾವುದು ಈ ಒಂಟಿ ಗೆರೆಗೆ ಸಮ? ಅಷ್ಟೇ ಪ್ರಶ್ನೆ."

ಆಕೆ ಟೇಪು ಎಳೆದು ಅಲ್ಲೇ ಕೂತು ಅಳೆದೇಬಿಟ್ಟಳು. "ಒಂಟಿ ಗೆರೆ ಎಂಟು ಇಂಚು. ಇಲ್ಲಿ ಒಂದನೇದು ಆರು, ಎರಡನೇದು ಎಂಟು, ಮೂರನೇದು ಹತ್ತು. ಇದರಲ್ಲೇನ್ರೀ ಪ್ರಯೋಗ? ತೊಟ್ಟಿಲಲ್ಲಿರೋ ಮಗೂನೂ ಎರಡನೇದು ಅನ್ನುತ್ತೆ."

"ಒಬ್ಬನನ್ನೇ ಕೇಳಿದ್ರೆ ಅಂತಾನೆ. ಆದರೆ ಅವನಿಗಿಂತ ಮುಂಚೆ ಮೂವತ್ತು ಜನ ಸಾಲಾಗಿ ಮೂರನೇದು, ಮೂರನೇದು ಅಂದುಬಿಟ್ರೆ? ಅವನ ಬಾಯಲ್ಲೂ ಅದೇ ಬರುತ್ತೆ. ಇದಕ್ಕೆ ಗುಂಪಿನ ಒತ್ತಡ ಅಂತ ಹೆಸರು."

"ಕಣ್ಣೆದುರಿಗೇ ಇದ್ರೂ ಸುಳ್ಳು ಹೇಳ್ತಾನಾ? ಅಷ್ಟು ಪುಕ್ಕಲು ಮನುಷ್ಯ ಯಾರಿರ್ತಾರ್ರೀ?" ಎಂದವಳು ಗಂಡನ ಮುಖ ನೋಡಿ ಥಟ್ಟನೆ ಮಾತು ಬದಲಿಸಿದಳು. "ಈ ಟೇಪು ಜೇಬಲ್ಲಿ ಇಟ್ಕೊಳ್ಳಿ. ಯಾರಾದ್ರೂ ತಕರಾರು ತೆಗೆದ್ರೆ ಅಳೆದು ತೋರ್ಸಿ. ನನ್ನ ಹತ್ರ ಇನ್ನೊಂದಿದೆ."

ಯಂತ್ರದ ಮೇಲೆ ಒಂದು ಬಿಳಿ ಅಂಗಿ ಅರ್ಧ ಹೊಲಿದು ಬಿದ್ದಿತ್ತು. ಖಾಯಂ ಆದ ದಿನ ಹಾಕಿಕೊಳ್ಳಲೆಂದು ಆರು ವರ್ಷದ ಹಿಂದೆ ತಂದ ಬಟ್ಟೆ ಅದು. ಪ್ರತಿ ವರ್ಷ ಗಂಡನ ಅಳತೆ ತೆಗೆದು, ಪ್ರತಿ ವರ್ಷ ಮತ್ತೆ ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದಳು.

"ಈ ಸಲ ಕತ್ತರಿ ಹಾಕಿಬಿಟ್ಟಿದೀನಿ. ಸಂಜೆ ಹೊತ್ತಿಗೆ ರೆಡಿ ಇರುತ್ತೆ. ಖಾಯಂ ಮಾಡಿಸ್ಕೊಂಡೇ ಬನ್ನಿ," ಎಂದಳು.

"ಹೌದು," ಎಂದರು ಮೇಷ್ಟ್ರು. ಹಾಳೆಗಳನ್ನು ಸುರುಳಿ ಸುತ್ತಿ ಕಂಕುಳಿಗಿಟ್ಟು ಹೊರಟರು.

ನಿಜಕ್ಕೂ ಅವರಿಗೆ ಈ ಪ್ರಯೋಗ ಬೇಕಿರಲಿಲ್ಲ. 'ನೆನಪು ಮತ್ತು ಮರೆವು' ಎನ್ನುವ ಪಾಠ ಅವರಿಗೆ ಹನ್ನೊಂದು ವರ್ಷದಿಂದ ಬಾಯಿಪಾಠ. ಅದನ್ನೇ ಮಾಡಿ ಗಂಡಾಂತರ ಕಳೆದುಕೊಳ್ಳೋಣ ಎಂದಿದ್ದರು. ಪ್ರಿನ್ಸಿಪಾಲರು "ಆ ಹಳೇ ಪಾಠ ಬೇಡ, ಏನಾದ್ರೂ ಪ್ರಯೋಗ ಮಾಡಿ ತೋರ್ಸಿ" ಅಂದರು. ಹೌದು ಅಂದರು. ಪಕ್ಕದ ಕುರ್ಚಿಯ ಗಣಿತದ ಮೇಷ್ಟ್ರು, ಸದಾ ಬೇರೆಯವರ ಪಾಠದಲ್ಲೇ ಆಸಕ್ತಿ ಇದ್ದವರು, "ಗೆರೆ ಪ್ರಯೋಗ ಮಾಡಿ, ಖರ್ಚಿಲ್ಲ" ಅಂದರು. ಅದಕ್ಕೂ ಹೌದು. ಹೀಗೆ ಇಬ್ಬರು ಸೇರಿ ಕಟ್ಟಿದ ಮೂಟೆ ಮೇಷ್ಟ್ರ ತಲೆ ಮೇಲೆ ಕೂತಿತ್ತು.

ಆದರೆ ಹಂಚಿಕೆ ಮಾತ್ರ ಮೇಷ್ಟ್ರದೇ, ಮತ್ತು ಅದು ಬಲು ಚೆನ್ನಾಗಿತ್ತು. ಪ್ರಯೋಗಕ್ಕೆ ಏನೂ ಗೊತ್ತಿಲ್ಲದ ಒಬ್ಬರು ಬೇಕು. ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳು ಯಾವತ್ತೂ ಎರಡನೇ ಬಸ್ಸಿನಲ್ಲೇ ಬಂದು, ಯಾವತ್ತೂ ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದುದರಿಂದ ಎಲ್ಲರೂ ಅವಳನ್ನು 'ಎರಡನೇ ಬಸ್ಸು' ಎನ್ನುತ್ತಿದ್ದರು. ಅವಳ ಜಾಗ ಕಟ್ಟಕಡೆಯ ಬೆಂಚಿನ ತುದಿ. ಅವಳು ಬರುವ ಮೊದಲಿನ ಹತ್ತು ನಿಮಿಷದಲ್ಲಿ ಉಳಿದ ಮೂವತ್ತು ಜನಕ್ಕೆ ಸುಳ್ಳು ಹೇಳಿಕೊಟ್ಟರೆ ಆಯಿತು. ಪರಿಶೀಲಕರು ಬರುವುದು ಹತ್ತೂವರೆಗೆ. ಅಷ್ಟರಲ್ಲಿ ಪ್ರಯೋಗ ಮುಗಿದಿರುತ್ತದೆ, ಅವರ ಮುಂದೆ ಫಲಿತಾಂಶ ವಿವರಿಸಿದರೆ ಸಾಕು.

ಹತ್ತು ಗಂಟೆಗೆ ಮೇಷ್ಟ್ರು ಹಾಳೆಗಳನ್ನು ಬೋರ್ಡಿಗೆ ಅಂಟಿಸಿ, ಮೇಲೆ 'ಒಂಟಿ ಗೆರೆಗೆ ಯಾವುದು ಸಮ?' ಎಂದು ಬರೆದರು. "ನೋಡ್ರಪ್ಪ, ಅವಳು ಬಂದು ಕೂತ ಮೇಲೆ ನಾನು ಕನ್ನಡಕ ತೆಗೀತೀನಿ. ಅದೇ ಗುರುತು. ಮೊದಲನೇ ಬೆಂಚಿಂದ ಶುರು ಮಾಡಿ ಒಬ್ಬೊಬ್ಬರೇ ಎದ್ದು 'ಮೂರನೇದು' ಅನ್ನಬೇಕು. ನಗಬಾರದು."

ಸುಳ್ಳು ಹೇಳಿ ಎಂದು ಮೇಷ್ಟ್ರೇ ಹೇಳಿದ್ದು ಮೊದಲ ಸಲ. ಇಡೀ ಕ್ಲಾಸು ಹಬ್ಬದ ಮುಖ ಮಾಡಿಕೊಂಡು ಕಾದು ಕೂತಿತು.

ಹತ್ತು ನಿಮಿಷವಾಯಿತು. ಹನ್ನೆರಡಾಯಿತು. ಎರಡನೇ ಬಸ್ಸಿಗೂ ಅವತ್ತೇ ತಡವಾಗಬೇಕೆ? ಕೊನೆಗೆ ಬಾಗಿಲು ತೆರೆದುಕೊಂಡಿತು. ಒಳಗೆ ಬಂದವರು ಬೆಳ್ಳಗಿನ ತಲೆಯ, ತೆಳ್ಳಗಿನ ಒಬ್ಬ ಮುದುಕರು. ಅವರ ಹಿಂದೆ ಪ್ರಿನ್ಸಿಪಾಲರು. ಅವರ ಹಿಂದೆ, ಯಾರೂ ಕರೆಯದಿದ್ದರೂ, ಗಣಿತದ ಮೇಷ್ಟ್ರು.

"ಪರಿಶೀಲಕರು ಬೇಗನೇ ಬಂದ್ರು," ಎಂದರು ಪ್ರಿನ್ಸಿಪಾಲರು, ಅದು ತಮ್ಮದೇ ಸಾಧನೆ ಎನ್ನುವಂತೆ.

"ನನ್ನನ್ನ ಲೆಕ್ಕಕ್ಕೇ ತಗೋಬೇಡಿ, ಮೇಷ್ಟ್ರೇ. ಹಿಂದೆ ಎಲ್ಲಾದ್ರೂ ಕೂತ್ಕೋತೀನಿ," ಎಂದ ಪರಿಶೀಲಕರು ನೆಟ್ಟಗೆ ಹೋಗಿ ಕಟ್ಟಕಡೆಯ ಬೆಂಚಿನ ತುದಿಯಲ್ಲಿ ಕೂತರು. ಇಡೀ ಕೋಣೆಯಲ್ಲಿ ಖಾಲಿ ಇದ್ದ ಜಾಗ ಅದೊಂದೇ.

ಅದು ಎರಡನೇ ಬಸ್ಸಿನ ಜಾಗ. ಪ್ರಯೋಗ ನಿಲ್ಲಿಸಬೇಕು, ಮಕ್ಕಳಿಗೆ ಬೇಡ ಎಂದು ಸನ್ನೆ ಮಾಡಬೇಕು. ಮೇಷ್ಟ್ರು ಕಣ್ಣು ಮಿಟುಕಿಸಿದರು, ಹುಬ್ಬು ಕುಣಿಸಿದರು. ಮಕ್ಕಳು ಮಿಕಮಿಕ ನೋಡಿದರು. ಭಯವಾದಾಗ ಮೇಷ್ಟ್ರಿಗೆ ವಿಪರೀತ ಬೆವರು. ಬೆವರಿದಾಗ ಕನ್ನಡಕ ಮಂಜಾಗುತ್ತಿತ್ತು. ಮಂಜಾದ ಕನ್ನಡಕವನ್ನು ಯಾರಾದರೂ ಏನು ಮಾಡುತ್ತಾರೆ? ಒರೆಸಲೆಂದು ತೆಗೆದರು.

"ಮೂರನೇದು ಸಾರ್!" ಎಂದು ಮೊದಲನೇ ಬೆಂಚಿನವನು ಸ್ಪ್ರಿಂಗಿನಂತೆ ಎದ್ದು ನಿಂತ.

"ಮೂರನೇದು." "ಮೂರನೇದು ಸಾರ್." "ಮೂರನೇದೇ." ಬೆಂಚಿನಿಂದ ಬೆಂಚಿಗೆ ಸುಳ್ಳು ಜಿಗಿಯುತ್ತ ಹೋಯಿತು. ವರ್ಷವಿಡೀ ಬಾಯಿ ಬಿಡದವರೂ ಅವತ್ತು ಕಂಚಿನ ಕಂಠದಲ್ಲಿ ಹೇಳಿದರು. ಮೂವತ್ತನೆಯವನು ಹೇಳಿ ಕೂತ ಮೇಲೆ, ಎಲ್ಲರ ಕತ್ತೂ ತಂತಾನೇ ಆ ತುದಿಗೆ ತಿರುಗಿತು.

ಪರಿಶೀಲಕರು ನಿಧಾನವಾಗಿ ಎದ್ದರು. ಹಾಳೆಗಳನ್ನು ನೋಡಿದರು. ಮಕ್ಕಳನ್ನು ನೋಡಿದರು. ಗಲ್ಲ ಕೆರೆದುಕೊಂಡರು.

"ಮೂರನೇದು," ಎಂದರು.

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಈಗ 'ಇದು ಪ್ರಯೋಗ ಸಾರ್, ತಾವು ಮೋಸಹೋದಿರಿ' ಎಂದರೆ ಖಾಯಂ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೆ.

ಪರಿಶೀಲಕರು ಪ್ರಿನ್ಸಿಪಾಲರ ಕಡೆ ತಿರುಗಿದರು. "ತಮಗೇನನ್ನಿಸುತ್ತೆ?"

ಪ್ರಿನ್ಸಿಪಾಲರು ಬೋರ್ಡು ನೋಡುವ ಗೋಜಿಗೇ ಹೋಗಲಿಲ್ಲ. "ಮೂರನೇದೇ ಸಾರ್. ಅನುಮಾನವೇ ಇಲ್ಲ."

"ತಾವು ಗಣಿತದವರಂತೆ?"

ಇಪ್ಪತ್ತು ವರ್ಷ ರೇಖಾಗಣಿತ ಕಲಿಸಿದ ಗಣಿತದ ಮೇಷ್ಟ್ರು ಎಂಟು ಇಂಚನ್ನೂ ಹತ್ತು ಇಂಚನ್ನೂ ಕಣ್ಣಲ್ಲೇ ಅಳೆದು, ಗಂಟಲು ಸರಿಮಾಡಿಕೊಂಡು, "ಮೇಲ್ನೋಟಕ್ಕೆ ಹೇಗಾದ್ರೂ ಕಾಣ್ಬಹುದು ಸಾರ್, ಲೆಕ್ಕದ ಪ್ರಕಾರ ಮೂರನೇದು," ಎಂದರು.

"ಮೇಷ್ಟ್ರೇ, ಗೆರೆ ಎಳೆದವರು ನೀವು. ನೀವು ಹೇಳಿ."

ಮೇಷ್ಟ್ರ ಕೈ ಜೇಬಿಗೆ ಹೋಯಿತು. ಅಲ್ಲಿ ಟೇಪು ಮೆತ್ತಗೆ ಸುರುಳಿ ಸುತ್ತಿಕೊಂಡು ಕೂತಿತ್ತು. ಹೊರಗೆ ತೆಗೆದರೆ ಸಾಕಿತ್ತು. ಬಿಳಿ ಅಂಗಿ ನೆನಪಾಯಿತು, ಆರು ವರ್ಷ ಪೆಟ್ಟಿಗೆಯಲ್ಲಿದ್ದ ಅದರ ಮಡಿಕೆ ನೆನಪಾಯಿತು.

"ಹೌದು ಸಾರ್," ಎಂದರು. "ಮೂರನೇದು."

ಮೂವತ್ತು ಮಕ್ಕಳ ಬಾಯಿ ಒಟ್ಟಿಗೆ ತೆರೆದುಕೊಂಡಿತು. ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿಸಿತು.

"ಒಳಗೆ ಬರ್ಲಾ ಸಾರ್? ಬಸ್ಸು ಕೆಟ್ಟು ನಿಂತಿತ್ತು."

ಎರಡನೇ ಬಸ್ಸು ಬಂದಿದ್ದಳು. ಪರಿಶೀಲಕರಿಗೆ ಎಲ್ಲಿಲ್ಲದ ಉತ್ಸಾಹ ಬಂತು. "ಬಾಮ್ಮ, ಬಾ. ಈ ಒಂಟಿ ಗೆರೆಗೆ ಆ ಮೂರರಲ್ಲಿ ಯಾವುದು ಸಮ?"

"ಎರಡನೇದು," ಎಂದಳು ಹುಡುಗಿ, ಇಷ್ಟಕ್ಕೂ ಕೇಳಬೇಕೇ ಎನ್ನುವಂತೆ.

"ಇವರೆಲ್ಲ ಮೂರನೇದು ಅಂತಿದಾರೆ. ನಾನೂ ಅಂದೆ. ನಿಮ್ಮ ಮೇಷ್ಟ್ರೂ ಅಂದ್ರು."

ಹುಡುಗಿ ಇನ್ನೊಮ್ಮೆ ನೋಡಿದಳು. "ಸರಿಯಾಗಿ ನೋಡಮ್ಮ," ಎಂದು ಮೇಷ್ಟ್ರು ಬೇಡಿಕೊಂಡರು. "ಬಿಸಿಲಲ್ಲಿ ಓಡಿ ಬಂದಿದೀಯ. ಸ್ವಲ್ಪ ನೀರು ಕುಡಿದು ನೋಡು."

"ನೀರು ಕುಡಿದ್ರೂ ಎರಡನೇದೇ ಸಾರ್," ಎಂದ ಹುಡುಗಿ ಬೋರ್ಡಿನ ಹತ್ತಿರ ಹೋಗಿ, ಒಂಟಿ ಗೆರೆಯ ಮೇಲೆ ಗೇಣು ಹಾಕಿ, ಅದೇ ಗೇಣನ್ನು ಎರಡನೇ ಗೆರೆಯ ಮೇಲಿಟ್ಟು ತೋರಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಪರಿಶೀಲಕರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಮೂವತ್ತು ವರ್ಷ ನಾನು ಪಾಠ ಮಾಡಿದ್ದೂ ಮನಶ್ಶಾಸ್ತ್ರವೇ ಸ್ವಾಮಿ. ಮೊದಲನೇ ಬೆಂಚಿನವನು ಬಾಯಿ ತೆರೆದಾಗಲೇ ಯಾವ ಪ್ರಯೋಗ ಅಂತ ಗೊತ್ತಾಯ್ತು. ಮಕ್ಕಳಿಗೆ ನೀವು ಹೇಳಿಕೊಟ್ಟಿದ್ರಿ, ಅವರು ಹೇಳಿದ್ರು, ಅವರದ್ದೇನೂ ತಪ್ಪಿಲ್ಲ. ನಾನೂ ಮೂರನೇದು ಅಂದುನೋಡೋಣ, ಯಾರ್ಯಾರು ಬೀಳ್ತಾರೆ ಅಂತ ಅನ್ನಿಸ್ತು. ಮೂರು ಜನ ದೊಡ್ಡವರು ಬಿದ್ರಿ."

"ನನಗೆ ಎರಡನೇದು ಅಂತ ಗೊತ್ತಿತ್ತು ಸಾರ್," ಎಂದರು ಪ್ರಿನ್ಸಿಪಾಲರು. "ತಮ್ಮ ಮೇಲಿನ ಗೌರವಕ್ಕೆ..."

"ಅದನ್ನೇ ಇವರು ಪಾಠದಲ್ಲಿ ಹೇಳೋದು," ಎಂದರು ಪರಿಶೀಲಕರು.

ಮೇಷ್ಟ್ರಿಗೆ ನಾಚಿಕೆಯಾಯಿತು. ಹುಡುಗಿಗೆ ನೀರು ಕುಡಿ ಎಂದದ್ದು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಚುಚ್ಚುತ್ತಿತ್ತು.

ಪರಿಶೀಲಕರು ಮೇಜಿನ ಮೇಲೆ ಕಾಗದ ಹರಡಿ ಪೆನ್ನು ತೆಗೆದರು. "ಪಾಠ ಮಾತ್ರ ಬಹಳ ಚೆನ್ನಾಗಿತ್ತು. ಈ ಮಕ್ಕಳು ಇದನ್ನ ಸಾಯೋವರೆಗೂ ಮರೆಯೋದಿಲ್ಲ. ಆದರೂ ನಿಮ್ಮನ್ನ ಇನ್ನೊಂದು ವರ್ಷ ತಾತ್ಕಾಲಿಕವಾಗೇ ಇಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಏನಂತೀರಿ?"

ಹೀಗೆಂದವರು ಬರೆಯಲಿಲ್ಲ. ಪೆನ್ನು ಗಾಳಿಯಲ್ಲೇ ನಿಲ್ಲಿಸಿ, ಹುಬ್ಬೇರಿಸಿ ಕಾದರು. ಸಾಕಷ್ಟು ಹೊತ್ತೇ ಕಾದರು. ಬೋರ್ಡಿನ ಪಕ್ಕದಲ್ಲಿ ನಿಂತಿದ್ದ ಹುಡುಗಿ 'ಇಲ್ಲ ಅನ್ನಿ ಸಾರ್, ಇಲ್ಲ ಅನ್ನಿ' ಎಂದು ಕತ್ತು ನೋಯುವಷ್ಟು ಅಡ್ಡಡ್ಡ ತಲೆಯಾಡಿಸಿದಳು. ಮೇಷ್ಟ್ರ ಬುದ್ಧಿಗೆ ಎಲ್ಲ ಅರ್ಥವಾಯಿತು. ಆದರೆ ಬುದ್ಧಿ ಬಾಗಿಲು ದಾಟುವಷ್ಟರಲ್ಲಿ ನಾಲಿಗೆ ಬೀದಿಯಲ್ಲಿತ್ತು.

"ಹೌದು ಸಾರ್," ಎಂದರು.

ಪೆನ್ನು ಕಾಗದಕ್ಕೆ ಇಳಿಯಿತು. "ಒಂದು 'ಇಲ್ಲ'ಕ್ಕೆ ಎಷ್ಟು ಹೊತ್ತು ಕಾದೆ ಸ್ವಾಮಿ," ಎಂದು ನಿಟ್ಟುಸಿರುಬಿಟ್ಟ ಪರಿಶೀಲಕರು ಸಹಿ ಹಾಕಿದರು.

ಸಂಜೆ ಮನೆಗೆ ನಡೆಯುತ್ತ ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದರು. ಇನ್ನು ಮೇಲೆ ಕಣ್ಣಿಗೆ ಕಂಡದ್ದನ್ನೇ ಹೇಳುವುದು. ಎದುರಿಗೆ ಯಾರೇ ಇರಲಿ, ಏನೇ ಆಗಲಿ. ದಾರಿಯುದ್ದಕ್ಕೂ "ಇಲ್ಲ, ಇಲ್ಲ" ಎಂದು ಬಾಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದರು. ಎದುರಿಗೆ ಬಂದ ತರಕಾರಿಯವನು ತನಗೇ ಅಂದರೆಂದುಕೊಂಡು ಬೇಜಾರು ಮಾಡಿಕೊಂಡ.

ಹೆಂಡತಿ ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಕೊನೆಯ ಗುಂಡಿಯ ದಾರವನ್ನು ಹಲ್ಲಿನಲ್ಲಿ ಕಡಿದು, ಬಿಳಿ ಅಂಗಿಯನ್ನು ಕೊಡವಿ, ಗಂಡನಿಗೆ ತೊಡಿಸಿದಳು. "ಖಾಯಂ ಆಗದಿದ್ರೆ ಹೋಯ್ತು. ಹೊಲಿದ ಅಂಗಿ ಯಾಕೆ ಸುಮ್ನೆ ಬಿದ್ದಿರ್ಬೇಕು? ಹೇಗಿದೆ ಹೇಳಿ."

ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬಂತು. ಇಂಥ ಹೆಂಡತಿಗೆ ಸುಳ್ಳು ಹೇಳುವುದೇ? ಕನ್ನಡಿ ನೋಡಿದರು. ಕಣ್ಣಿಗೆ ಏನೋ ಕಂಡಿತು. ಎದೆ ಗಟ್ಟಿ ಮಾಡಿಕೊಂಡರು.

"ಚೆನ್ನಾಗಿಲ್ಲ," ಎಂದರು. "ಬಲತೋಳು ಉದ್ದ ಆಗಿದೆ."

ಇಪ್ಪತ್ತು ವರ್ಷದಲ್ಲಿ ಯಾವ ಗಿರಾಕಿಯೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಆಕೆ ಗಂಡನ ಪ್ಯಾಂಟಿನ ಜೇಬಿಗೆ ಕೈಹಾಕಿ, ದಿನವಿಡೀ ಹೊರಗೆ ಬರದಿದ್ದ ಟೇಪನ್ನು ಎಳೆದು, ಎರಡೂ ತೋಳನ್ನು ಅಳೆದಳು.

"ಇಪ್ಪತ್ಮೂರು ಇಂಚು. ಇದೂ ಇಪ್ಪತ್ಮೂರು," ಎಂದಳು. "ತೋಳು ಸರಿಯಾಗೇ ಇದೆ. ನೀವು ಬಗ್ಗಿ ನಿಂತಿದೀರಿ. ನೆಟ್ಟಗೆ ನಿಂತ್ಕೊಳ್ಳಿ."

ಮೇಷ್ಟ್ರು ನೆಟ್ಟಗೆ ನಿಂತು ಕನ್ನಡಿ ನೋಡಿದರು. ಎರಡೂ ತೋಳು ಸಮವಾಗಿದ್ದವು.

"ಹೌದು," ಎಂದರು.