ಬಡಾ ದಿನದ ದೀಪಗಳೂ ಆರುನೂರರ ಎಣಿಕೆಯೂ

ಮನೆಯ ಮುಂದೆ ಒಂದು ದೀಪ ಹಚ್ಚಿಟ್ಟರೆ ಅದು ದಾರಿಯಲ್ಲಿ ಹೋಗುವವರಿಗೆ. ನೂರು ಹಚ್ಚಿಟ್ಟರೆ ಎದುರು ಮನೆಯವರಿಗೆ. ಇದು ನಾನು ಎಣಿಸಿ ಕಂಡುಕೊಂಡ ಮಾತು. ನನಗೆ ಎಣಿಸುವ ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಗ್ರೇಜಿ ಕಲಿಯಲೆಂದು ಧಾರವಾಡದ ಸಾಲೆಗೆ ಹೋದವನು ಇಂಗ್ರೇಜಿಯನ್ನು ಅರ್ಧ ಕಲಿತು, ದಿನಚರಿ ಬರೆಯುವುದನ್ನು ಪೂರ್ತಿ ಕಲಿತು ರೋಣಕ್ಕೆ ಮರಳಿದೆ. ಅಂದಿನಿಂದ ನಮ್ಮ ಓಣಿಯಲ್ಲಿ ದಿನಕ್ಕೆ ಎಷ್ಟು ಬಂಡಿಗಳು ಹಾದವು, ಪಕ್ಕದ ಮನೆಯ ಎಮ್ಮೆ ಎಷ್ಟು ಸಲ ಹಗ್ಗ ಹರಿಯಿತು, ಊಟಕ್ಕೆ ಕೂತಾಗ ಬಸಣ್ಣೆಪ್ಪ ಕಾಕಾ 'ನಮ್ಮ ಕಾಲದಾಗ' ಎಂದು ಎಷ್ಟು ಸಲ ಅಂದರು, ಎಲ್ಲಕ್ಕೂ ತಿಥಿ ವಾರ ಹಾಕಿ ಗೆರೆ ಎಳೆದಿಟ್ಟಿದ್ದೇನೆ. ಒಂದೇ ಊಟದಲ್ಲಿ ಹನ್ನೊಂದು ಸಲ ಅಂದದ್ದು ಈವರೆಗಿನ ದಾಖಲೆ. ಹೀಗೆ ದಿನವೂ ಎಣಿಸುವವನಿಗೆ ಮನುಷ್ಯರ ಮೇಲೆ ಬಹಳ ಗೌರವ ಉಳಿಯುವುದಿಲ್ಲ. ನನಗೂ ಉಳಿದಿರಲಿಲ್ಲ.

ಆ ಮಾಗಿಯಲ್ಲಿ ಕಂಪನಿ ಸರಕಾರದ ತರುಣ ಸಾಹೇಬನೊಬ್ಬ ಹೊಲಗಳನ್ನು ಅಳೆಯಲು ಬಂದು ಕೆರೆಯ ದಂಡೆಗೆ ಡೇರೆ ಹಾಕಿದ್ದ. ಹೊಲ ಅಳೆಯುವ ಸರಪಳಿಯ ಜೊತೆಗೆ ಅವನ ಬಳಿ ಮೂರು ಕಾಲಿನ ಮೇಲೆ ನಿಲ್ಲುವ ಒಂದು ಪೆಟ್ಟಿಗೆಯೂ ಇತ್ತು. ಅದರ ಎದುರಿಗೆ ಏನಿದ್ದರೂ ಅದರ ರೂಪವನ್ನು ಒಳಗಿನ ಗಾಜು ಹಿಡಿದಿಟ್ಟುಕೊಳ್ಳುತ್ತಿತ್ತು. ಮರುದಿನ ಆ ಗಾಜಿನ ಕೆಳಗೆ ಕಾಗದವಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ಮೂಡುತ್ತಿತ್ತು. ನರಗುಂದದ ಗುಡ್ಡವನ್ನೂ ಗಜೇಂದ್ರಗಡದ ಕೋಟೆಯನ್ನೂ ಹೀಗೆ ಹಿಡಿದು ತಂದಿದ್ದ. ಅವನ ಮುನಶಿ ಜ್ವರ ಬಂದು ನರಗುಂದದಲ್ಲೇ ಮಲಗಿದ್ದರಿಂದ ನನ್ನ ಅರ್ಧ ಇಂಗ್ರೇಜಿಗೆ ಕೆಲಸ ಸಿಕ್ಕಿತು. ಸಾಹೇಬ ಹೇಳಿದ್ದನ್ನು ಊರಿಗೂ ಊರು ಹೇಳಿದ್ದನ್ನು ಸಾಹೇಬನಿಗೂ ಮುಟ್ಟಿಸುವುದು ನನ್ನ ಕೆಲಸ.

ಒಂದು ದಿನ ಸಾಹೇಬ, ಈ ವಾರ ನಮ್ಮ ಬಡಾ ದಿನ, ನಮ್ಮೂರಲ್ಲಿ ನನ್ನ ತಾಯಿ ಕಿಟಕಿಯಲ್ಲಿ ಒಂದು ಮೇಣದಬತ್ತಿ ಹಚ್ಚಿಡುತ್ತಾಳೆ ಎಂದ. ಕ್ರಿಸ್ತ ಹುಟ್ಟಿದ ಹಬ್ಬಕ್ಕೆ ಇಲ್ಲಿಯ ಸಿಪಾಯಿಗಳು ಅನ್ನುವುದು ಬಡಾ ದಿನ ಎಂದೇ. ಒಂದು ಬತ್ತಿ, ಒಂದು ಕಿಟಕಿ, ಒಬ್ಬ ತಾಯಿ: ನಾನು ಕಾಕಾನಿಗೆ ಹೇಳಿದ್ದು ಇಷ್ಟೇ. ಕಾಕಾ ಅದನ್ನು ಅರಳೆ ಪೇಟೆಗೆ ಒಯ್ದರು. ಸಂಜೆಗೆ ಅದು ನನ್ನ ಕಿವಿಗೆ ಮರಳಿ ಬಂದಾಗ, ವಿಲಾಯತಿಯಲ್ಲಿ ಅಂದು ಮನೆಗೆ ಮನೆಯೇ ಉರಿಯುವ ಹಾಗೆ ದೀಪ ಹಚ್ಚುತ್ತಾರೆಂದೂ, ರೋಣದಲ್ಲಿ ಯಾರ ಮನೆ ಎಲ್ಲಕ್ಕಿಂತ ಹೆಚ್ಚು ಬೆಳಗುವುದೋ ಅದರ ಚಿತ್ರವನ್ನು ಸಾಹೇಬ ತೆಗೆದುಕೊಡುತ್ತಾನೆಂದೂ ಆಗಿತ್ತು. ಸಾಹೇಬನನ್ನು ಕೇಳಿದರೆ ನಕ್ಕು ಆಗಲಿ ಎಂದ. ಆದರೆ ಯಾವಗಲ್ಲು ಎಂಬ ಊರಿನ ಹತ್ತಿರ ಬಂಡಿ ಕುಲುಕಾಡಿ ಗಾಜುಗಳೆಲ್ಲ ಒಡೆದು ಒಂದೇ ಉಳಿದಿತ್ತು. ಒಂದು ಗಾಜು, ಒಂದು ಮನೆ.

ಮುಂದಿನ ನಾಲ್ಕು ದಿನ ನಮ್ಮ ಓಣಿಯಲ್ಲಿ ನಡೆದದ್ದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆದಿಟ್ಟಿದ್ದೇನೆ, ಏಳು ಪುಟ. ದೀಪಾವಳಿಗೆ ಮಾಳಿಗೆಯ ಕುಂಬಿಯ ಮೇಲೆ ಒಂದು ಸಾಲು ಹಣತೆ ಇಟ್ಟು ಕೈ ತೊಳೆದುಕೊಳ್ಳುವ ಮಂದಿ, ಅವರಿಗೆ ಗೊತ್ತೇ ಇಲ್ಲದ ಹಬ್ಬಕ್ಕೆ ಬಿದಿರು ಕಡಿದು ತಂದರು. ಕಾಕಾ ಗೋಡೆಗೆ ಹೊಸ ಸುಣ್ಣ ಬಳಿಸಿ ಅದಕ್ಕೆ ಆನೆಯ ಆಕಾರದ ಬಿದಿರಿನ ಚೌಕಟ್ಟನ್ನು ಆನಿಸಿದರು. ಚೌಕಟ್ಟಿಗೆ ಸಗಣಿಯ ಉಂಡೆಗಳನ್ನು ಮೆತ್ತಿ ಒಂದೊಂದರಲ್ಲಿ ಒಂದೊಂದು ಹಣತೆ ಕೂಡಿಸಿದರು. ಹಣತೆಗಳು ವಾರೆಯಾಗಿ ಕೂತಿದ್ದರಿಂದ ಆನೆಯ ಮೈಯೆಲ್ಲ ಕುಸುಬಿ ಎಣ್ಣೆ ಬೆವರಿತು. ಸೊಂಡಿಲಿಗೆ ಬಿದಿರು ಸಾಲದೆ ಅದು ಅರ್ಧಕ್ಕೇ ನಿಂತಿತು. ಎದುರು ಮನೆಯ ಮಲ್ಲಪ್ಪ ಶೆಟ್ಟರೇನು ಕಡಿಮೆಯೇ? ಹೊಳೆಆಲೂರಿನ ದೋಣಿಯನ್ನು ಬಿಟ್ಟರೆ ನೀರಿನ ಮೇಲೆ ತೇಲುವ ಬೇರೇನನ್ನೂ ನೋಡದ ಅವರು ಸಾಹೇಬ ಬಂದ ಹಡಗನ್ನೇ ಕಟ್ಟಲು ಹೊರಟರು.

ಎರಡೂ ಮುಗಿದ ದಿನ ಶೆಟ್ಟರು ತಮ್ಮ ಕಟ್ಟೆಯ ಮೇಲೆ ನಿಂತು, "ಏನ್ರೀ ಬಸಣ್ಣೆಪ್ಪಾರ, ಹಂದಿ ಭಾಳ ಚಲೋ ಮಾಡೀರಲ್ಲ!" ಎಂದರು.

"ಆನಿ ಐತ್ರಿ ಅದು," ಎಂದರು ಕಾಕಾ. "ಅದಿರ್ಲಿ, ನಿಮ್ಮ ಕೆರ ಯಾವ ಕಾಲಿಂದ್ರಿ? ಎಡಗಾಲಿಂದೋ, ಬಲಗಾಲಿಂದೋ?"

ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ದಿನಚರಿಯಲ್ಲಿ 'ಹಂದಿ ಒಂದು, ಕೆರ ಒಂದು' ಎಂದು ಬರೆದುಕೊಂಡೆ.

ಮನೆಯೊಳಗೆ ಚಿಗವ್ವ ಬತ್ತಿ ಹೊಸೆಯುತ್ತಿದ್ದಳು. ಚಿಗವ್ವ ಎಂದರೆ ಕಾಕಾನ ಹೆಂಡತಿ, ತಂದೆ ತಾಯಿ ಇಲ್ಲದ ನನ್ನನ್ನು ಸಾಕಿದವಳು. ಸಾವಿರದ ನೂರಾ ನಲವತ್ತು ಬತ್ತಿ. ಎಣಿಸಿದ್ದು ನಾನು, ಹೊಸೆದದ್ದು ಅವಳೊಬ್ಬಳೇ. ಮೂರನೆಯ ದಿನಕ್ಕೆ ಅವಳ ಬೆರಳ ತುದಿಗಳು ಕೆಂಪಾಗಿ ಬಾತುಕೊಂಡಿದ್ದವು. ಅತ್ತ ಕಾಕಾ ಚಿತ್ರ ತೂಗುಹಾಕಲು ಪಡಸಾಲೆಯ ಗೋಡೆಗೆ ಗೂಟ ಬಡಿಯುತ್ತಿದ್ದರು. ಚಿತ್ರವೇ ಇಲ್ಲದ ಗೂಟವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. "ನಡುವ ನಾ ಕುಂಡ್ರತೀನಿ. ಎಡಕ್ಕ ಬೆಳವಣಕಿ ಮಾವನಾರು, ಬಲಕ್ಕ ಆನಿ." ಹೆಂಡತಿ ಎಲ್ಲಿ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಚಿಗವ್ವ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, "ತಮ್ಮಾ, ಒಂದ ಮೂಲ್ಯಾಗರ ನಾನೂ ಬರತೀನೇನೋ ನೋಡಪಾ. ಪೂರಾ ಮಾರಿ ಬ್ಯಾಡ, ಅರ್ಧ ಬಂದ್ರೂ ಸಾಕು" ಎಂದಳು.

"ಬರತೀ ಬಿಡ ಚಿಗವ್ವಾ, ಅದಕ್ಕೇನು," ಎಂದೆ. ಆದರೆ ಒಳಗೊಳಗೇ, ಇವಳಿಗೂ ಈ ಹುಚ್ಚು ಹತ್ತಿತಲ್ಲ ಎಂದು ಹೇಸಿದೆ.

ಬಡಾ ದಿನದ ಸಂಜೆ, ಹೊತ್ತು ಮುಳುಗುವ ಮೊದಲೇ ಸಾಹೇಬ ಬಂದ. ಆನೆಯನ್ನೂ ನೋಡಲಿಲ್ಲ, ಹಡಗನ್ನೂ ನೋಡಲಿಲ್ಲ. ಆಕಾಶ ನೋಡಿದ, ಗೋಡೆ ನೋಡಿದ. ಪಡುವಣದ ಬೆಳಕು ಬಿದ್ದ ಈ ಬಿಳಿ ಗೋಡೆಯೇ ಸರಿ ಎಂದ. ಅಂದರೆ ಗೆದ್ದದ್ದು ಸುಣ್ಣ. ನಾನು ಕಾಕಾನಿಗೆ, "ಸಾಹೇಬರಿಗೆ ನಮ್ಮ ಗ್ವಾಡಿ ಮನಸ್ಸಿಗೆ ಬಂತಂತ್ರಿ" ಎಂದೆ. ಕಾಕಾ ಓಣಿಗೆಲ್ಲ ಕೇಳುವಂತೆ, "ಆನಿ ಮನಸ್ಸಿಗೆ ಬಂತಂತ!" ಎಂದು ಕೂಗಿದರು. ಶೆಟ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕುತೂಹಲ ತಡೆಯಲಾರದೆ ಮತ್ತೆ ತೆರೆದರು.

ಸಾಹೇಬ ಓಣಿಯಲ್ಲೇ ಹಾಕಿಸಿದ್ದ ಕತ್ತಲೆಯ ಸಣ್ಣ ಡೇರೆಯಲ್ಲಿ ಗಾಜಿಗೆ ಮೂಗು ಕೊರೆಯುವ ವಾಸನೆಯ ಔಷಧ ಸವರಿ ತಂದು ಪೆಟ್ಟಿಗೆಯಲ್ಲಿಟ್ಟ. ಸಂಜೆಯ ಬೆಳಕು ಕಡಿಮೆ, ಆದ್ದರಿಂದ ಪೆಟ್ಟಿಗೆಯ ಕಣ್ಣು ಆರುನೂರು ಎಣಿಸುವ ತನಕ ತೆರೆದಿರಬೇಕು ಎಂದ. ಎಣಿಸುವುದಕ್ಕೆ ಇಡೀ ತಾಲೂಕಿನಲ್ಲಿ ನನಗಿಂತ ತಕ್ಕವನು ಸಿಗುತ್ತಿರಲಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದ: ಅಷ್ಟು ಹೊತ್ತೂ ಅಲುಗದೆ ಇದ್ದವರು ಮಾತ್ರ ಚಿತ್ರದಲ್ಲಿ ಉಳಿಯುತ್ತಾರೆ, ಇದನ್ನು ಅವರಿಗೆಲ್ಲ ತಿಳಿಯುವಂತೆ ಹೇಳು.

ಹೇಳಿದೆ. "ಕಾಕಾ, ಆರುನೂರು ಎಣಸೂತನಾ ಯಾರೂ ಅಳಗ್ಯಾಡಬಾರದಂತ್ರಿ."

ಬೆಳವಣಕಿಯ ಎರಡು ಬಂಡಿ ಬೀಗರು ಆಗಷ್ಟೇ ಇಳಿಯುತ್ತಿದ್ದರು. ಕಾಕಾ ಅತ್ತ ಕೈ ಮುಗಿಯುತ್ತಲೇ, "ಆರುನೂರು? ಅಷ್ಟೊತ್ತು ತೆರದಿರತೈತಿ? ಹಂಗಾರ ಚಲೋನ ಆತು ಬಿಡು. ಎಲ್ಲಾರೂ ಸರದಿ ಮ್ಯಾಲೆ ಬಂದು ನಿಂತು ಹೋಗಬಹುದಲ್ಲ!" ಎಂದರು.

ಗುಡಿಯ ಬಾಗಿಲು ತೆರೆದಿರುವಷ್ಟು ಹೊತ್ತೂ ದರ್ಶನಕ್ಕೆ ಹೋಗಿಬರಬಹುದೆಂಬ ಹಾಗೆ ಅವರು ಪೆಟ್ಟಿಗೆಯ ಕಣ್ಣಿಗೂ ಲೆಕ್ಕ ಹಾಕಿದ್ದರು. ನಾನು ಏನೂ ಅನ್ನಲಿಲ್ಲ. ಪೆಟ್ಟಿಗೆಯ ಹತ್ತಿರ ಔಷಧದ ನಾತ ತಡೆಯಲಾಗುತ್ತಿರಲಿಲ್ಲ. ಆದ್ದರಿಂದ ಮನೆಯ ಮುಂದಿನ ಕಟ್ಟೆಯ ಮೇಲೆಯೇ, ಬಾಗಿಲಿನ ಪಕ್ಕಕ್ಕೆ, ದಿನಚರಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಮೈಮೇಲೆ ಒಗೆದ ಧೋತರ, ತಲೆಗೆ ಒಗೆದ ರುಮಾಲು. ಅಂದು ಮಾಸದೆ ಉಳಿದದ್ದು ಅವೆರಡೇ. ಸಾಹೇಬ ಪೆಟ್ಟಿಗೆಯ ಕಣ್ಣು ತೆರೆದ. ನಾನು ತುಟಿಯೊಂದನ್ನೇ ಅಲುಗಿಸುತ್ತ ಎಣಿಸತೊಡಗಿದೆ.

ನಮ್ಮ ಕಡೆ ಮುಸ್ಸಂಜೆ ದೀಪ ಹಚ್ಚಿದೊಡನೆ ಎಲ್ಲರೂ ದೀಪಕ್ಕೆ ಕೈ ಮುಗಿಯಬೇಕು, ಕಿರಿಯರು ಹಿರಿಯರ ಕಾಲು ಮುಟ್ಟಬೇಕು. ಒಂದು ದೀಪಕ್ಕಾದರೆ ಅದು ಕ್ಷಣದ ಕೆಲಸ. ಸಾವಿರದ ನೂರಾ ನಲವತ್ತು ದೀಪ, ಎರಡು ಬಂಡಿ ಬೀಗರು. ಐವತ್ತಕ್ಕೆ ಕಾಕಾ ದೀಪಗಳಿಗೆ ಕೈ ಮುಗಿದರು. ಎಂಬತ್ತಕ್ಕೆ ಅಳಿಯಂದಿರು ಬಂದು ಅವರ ಕಾಲು ಮುಟ್ಟಿದರು. ಕಾಕಾ ಬಗ್ಗಿ ಅವರನ್ನು ಎಬ್ಬಿಸಿದರು. ನೂರಾ ಇಪ್ಪತ್ತಕ್ಕೆ ಬೆಳವಣಕಿಯ ಮಾವನವರು ಕಟ್ಟೆ ಏರಿದರು. ಕಾಕಾ ತಾವು ಕೂತ ಜಾಗ ಬಿಟ್ಟುಕೊಟ್ಟು, "ಬರ್ರಿ, ನೀವ ಕುಂಡ್ರಿ" ಎಂದರು. "ಇಲ್ರೀ, ನೀವ ಕುಂಡ್ರಿ." "ಛೇ ಛೇ, ದೊಡ್ಡಾವ್ರು ನೀವು." ಈ 'ಕುಂಡ್ರಿ' ಇನ್ನೂರ ಹತ್ತರ ತನಕ ನಡೆದು ಕೊನೆಗೆ ಇಬ್ಬರೂ ಕೂಡಲಿಲ್ಲ. ಮುನ್ನೂರಕ್ಕೆ ಬೀಗರ ಹೆಂಗಸರು ಸಾಲಾಗಿ ಬಂದು, ಪೆಟ್ಟಿಗೆಗೆ ಒಂದು ಕ್ಷಣ ಮುಖ ತೋರಿಸಿ, ತಮ್ಮದಾಯಿತೆಂದು ಒಳಗೆ ಹೋದರು. ನಾನೂರಕ್ಕೆ ಶೆಟ್ಟರು ಕೂಡ ಏನೋ ಮರೆತವರಂತೆ ಈ ಕಡೆಯಿಂದ ಆ ಕಡೆಗೆ ಹಾದರು, ಐನೂರಕ್ಕೆ ಆ ಕಡೆಯಿಂದ ಈ ಕಡೆಗೆ. ಅಷ್ಟು ಹೊತ್ತೂ ಚಿಗವ್ವ ಗಿಂಡಿ ಹಿಡಿದು ಆನೆಗೆ ಎಣ್ಣೆ ಎರೆಯುತ್ತಲೇ ಇದ್ದಳು. ಐನೂರಾ ಎಂಬತ್ತಕ್ಕೆ ಗಿಂಡಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಬಾಗಿಲ ಮೂಲೆಗೆ ಬಂದು ನಿಂತಳು. ಉಸಿರು ಸಹ ಬಿಡದೆ ನಿಂತಳು. ಉಳಿದದ್ದು ಇಪ್ಪತ್ತು. ನಾನು ಎಣಿಸಿ ಮುಗಿಸಿದೆ. ಸಾಹೇಬ ಪೆಟ್ಟಿಗೆಯ ಕಣ್ಣು ಮುಚ್ಚಿದ.

ಮರುದಿನ ಮಧ್ಯಾಹ್ನ ಚಿತ್ರ ಬಂತು. ಪಡಸಾಲೆಯಲ್ಲಿ ಗೂಟದ ಕೆಳಗೆ ಎಲ್ಲರೂ ಸೇರಿದ್ದರು. ಕರೆಯದಿದ್ದರೂ ಶೆಟ್ಟರು ಮುಂದೆಯೇ ಇದ್ದರು. ಕಾಕಾ ಕಾಗದ ಬಿಚ್ಚಿದರು. ಬಿಳಿ ಗೋಡೆ ಬಂದಿತ್ತು. ಬಾಗಿಲು ಬಂದಿತ್ತು. ಆನೆಯ ಜಾಗದಲ್ಲಿ ಮುರಿದ ಹೊರಸಿನ ಮಂಚದಂಥ ಬಿದಿರು ಬಂದಿತ್ತು. ದೀಪ ಒಂದೂ ಇರಲಿಲ್ಲ. ಎಣ್ಣೆದೀಪದ ಹಳದಿ ಬೆಳಕು ಆ ಗಾಜಿಗೆ ತಾಕುವುದೇ ಇಲ್ಲವಂತೆ, ಸಾಹೇಬ ಆಮೇಲೆ ಹೇಳಿದ. ಕಾಕಾ ಇರಲಿಲ್ಲ, ಮಾವನವರಿರಲಿಲ್ಲ, ಎರಡು ಬಂಡಿ ಬೀಗರಲ್ಲಿ ಒಬ್ಬರಾದರೂ ಇರಲಿಲ್ಲ. ನಿರ್ಜನವಾದ ಆ ಮನೆಯ ಕಟ್ಟೆಯ ಮೇಲೆ, ನೆಟ್ಟಗೆ, ತೊಡೆಯ ಮೇಲೆ ದಿನಚರಿ ಇಟ್ಟುಕೊಂಡು ನಾನೊಬ್ಬನೇ ಕೂತಿದ್ದೆ. ರುಮಾಲಿನ ಮಡಿಕೆಗಳನ್ನು ಎಣಿಸಬಹುದಿತ್ತು. ಏಳು.

"ಬಸಣ್ಣೆಪ್ಪಾರ, ಯಾವಾಗ ಮಾರಿದ್ರಿ ಮನಿ?" ಎಂದರು ಶೆಟ್ಟರು.

ಕಾಕಾ ಚಿತ್ರವನ್ನು ಹಿಂದೆ ತಿರುಗಿಸಿ ನೋಡಿದರು, ತಾವು ಆ ಕಡೆ ಇರಬಹುದೇನೋ ಎಂಬಂತೆ. "ನಾವೆಲ್ಲಾ ಎಲ್ಲಿ ಹ್ವಾದಿವೋ ತಮ್ಮಾ?" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಚಿಗವ್ವ ಹಿಂದಿನಿಂದ ಬಂದು ಬಾಗಿಲ ಮೂಲೆಯ ಮೇಲೆ ಬೆರಳಿಟ್ಟಳು. ಅಲ್ಲಿ ಉಸಿರು ಬಿಟ್ಟ ಕನ್ನಡಿಯಂಥ ಒಂದು ಮಸುಕು ಇತ್ತು. "ಇದು ನಾನ ಇರಬೇಕು," ಎಂದಳು.

"ಹುಚ್ಚಿ, ಅದು ಹೊಗಿ," ಎಂದರು ಕಾಕಾ.

"ಹೊಗಿ ಆದ್ರೂ ನಾ ಹೊಸದ ಬತ್ತೀದ ಹೊಗಿ ಅಲ್ಲೇನ್ರಿ," ಎಂದು ಅವಳೇ ಚಿತ್ರವನ್ನು ಗೂಟಕ್ಕೆ ತೂಗುಹಾಕಿದಳು.

ಅದು ಇಂದಿಗೂ ಅಲ್ಲೇ ಇದೆ. ಬಂದವರಿಗೆ ಕಾಕಾ, "ನಾವೆಲ್ಲಾ ಅದೀವ್ರಿ ಇದರಾಗ. ಕಾಣಂಗಿಲ್ಲ, ಅಷ್ಟ" ಎನ್ನುತ್ತಾರೆ. ಬಂದವರು ಮೊದಲು ಚಿತ್ರವನ್ನೂ ಆಮೇಲೆ ನನ್ನನ್ನೂ ನೋಡುತ್ತಾರೆ. ಹಾಗೆ ನೋಡಿದವರನ್ನು ನಾನು ಎಣಿಸುವುದಿಲ್ಲ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಎರಡು ಸಾಲುಗಳಿವೆ: 'ಅಲುಗಬಾರದೆಂದು ಹೇಳು ಎಂದು ಸಾಹೇಬ ಅಂದದ್ದು, ಮೂರು ಸಲ. ನಾನು ಹೇಳಿದ್ದು, ಒಂದು ಸಲ.' ಸರದಿಯ ಮೇಲೆ ಬಂದವರು ಯಾರೂ ಉಳಿಯುವುದಿಲ್ಲವೆಂದು ಹೇಳಲು ನನಗೆ ಪೂರಾ ಐವತ್ತು ಎಣಿಸುವಷ್ಟು ಸಮಯವಿತ್ತು. ಊರಿನವರಿಗೆ ಬುದ್ಧಿ ಬರಲಿ ಎಂದು ಸುಮ್ಮನಿದ್ದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ.

ಮೊನ್ನೆ ಚಿಗವ್ವ ಸೆರಗಿನಿಂದ ಚಿತ್ರದ ಧೂಳು ಒರೆಸುತ್ತಿದ್ದಳು. ಮೊದಲು ತನ್ನ ಮೂಲೆ, ಆಮೇಲೆ ನನ್ನ ಮುಖ. ತಿರುಗಿ ನೋಡದೆಯೇ, "ಅವತ್ತ ಮಧ್ಯಾಹ್ನ ಕನ್ನಡಿ ಮುಂದ ರುಮಾಲು ನಾಕ ಸಲ ಬಿಚ್ಚಿ ಸುತ್ತಿದ್ಯಲ್ಲೋ ತಮ್ಮಾ, ಯಾಕಂತ ಆಮ್ಯಾಲೆ ಗೊತ್ತಾತು" ಎಂದಳು.

ಚಿಗವ್ವನಿಗೆ ಓದಲು ಬರೆಯಲು ಬರುವುದಿಲ್ಲ, ಅವಳ ಲೆಕ್ಕ ಹೆಚ್ಚುಕಡಿಮೆಯಾಗುವುದು ಸಹಜ. ನಾಲ್ಕು ಸಲವಲ್ಲ, ಐದು. ದಿನಚರಿಯಲ್ಲಿ ಗೆರೆ ಎಳೆದಿಟ್ಟಿದ್ದೇನೆ.