ಎಸಿ ನೀರಿನ ಬಸಳೆಯೂ ನಮ್ಮ ಭಾವನೂ

ನಮ್ಮ ಭಾವನನ್ನು ಮನೆಗೆ ಊಟಕ್ಕೆ ಕರೆಯಬೇಕೆಂದಿದ್ದೀರಾ? ಕರೆಯಿರಿ, ಒಳ್ಳೆಯ ಮನುಷ್ಯ. ಆದರೆ ಅದಕ್ಕೂ ಮೊದಲು ಬಾಲ್ಕನಿಯ ಹೂಕುಂಡಗಳನ್ನೆಲ್ಲ ಒಂದು ಕೋಣೆಗೆ ಸೇರಿಸಿ ಬೀಗ ಹಾಕಿಬಿಡಿ!

ಕೈ ತೊಳೆಯಲೆಂದು ಎದ್ದವರು ಕೈತುಂಬ ಮಣ್ಣು ಮಾಡಿಕೊಂಡು ಬಂದರೆ ಅವರೇ ನಮ್ಮ ಭಾವ ಎಂದು ತಿಳಿಯಿರಿ. ಒಮ್ಮೆ ನನ್ನ ಆಫೀಸಿನ ಮ್ಯಾನೇಜರ್ ಮನೆಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಇವರು ಅವರ ಮನಿಪ್ಲಾಂಟನ್ನು ಬೇರುಸಹಿತ ಎತ್ತಿ ಹಿಡಿದುಕೊಂಡು ಒಳಗೆ ಬಂದರು. “ನೋಡಿ ಮೇಡಂ, ಬೇರಿಗೆ ಉಸಿರೇ ಆಡ್ತಿಲ್ಲ. ಎಷ್ಟು ದಿನದಿಂದ ಹೀಗೆ?” ಥೇಟ್ ಡಾಕ್ಟರ ಧಾಟಿ! ಮೇಡಂ ಪಾಯಸದ ಸೌಟು ಹಿಡಿದೇ ತಪ್ಪು ಮಾಡಿದವರಂತೆ ನಿಂತುಬಿಟ್ಟರು. ಆ ವರ್ಷ ನನಗೆ ಪ್ರಮೋಷನ್ ಬರಲಿಲ್ಲ. ಕಾರಣ ಅದೇ ಎಂದು ನಾನೇನೂ ಹೇಳುತ್ತಿಲ್ಲ!

ಈ ಭಾವ ನನ್ನ ಅಕ್ಕನ ಗಂಡ, ಮಂಡ್ಯ ಕಡೆಯವರು. ದೋಹಾದಲ್ಲಿ ಹುಲ್ಲುಹಾಸು, ರಸ್ತೆ ಬದಿಯ ಹೂಗಿಡಗಳನ್ನು ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಅಲ್ ಮನ್ಸೂರಾದ ಒಂದೇ ಕಟ್ಟಡದಲ್ಲಿ ಅವರದು ಎರಡನೇ ಮಹಡಿ, ನನ್ನದು ನಾಲ್ಕನೆಯದು. ಲೋಕದ ಜನ ಪರಿಚಯವಾದಾಗ ‘ಹೇಗಿದ್ದೀರಿ’ ಎನ್ನುತ್ತಾರೆ. ಭಾವ ‘ನಿಮ್ಮ ಕಡೆ ಮಣ್ಣು ಯಾವ ಬಣ್ಣ?’ ಎನ್ನುತ್ತಾರೆ. ಟ್ಯಾಕ್ಸಿಯವನಿಗೂ ಅದೇ ಪ್ರಶ್ನೆ, ಹಲ್ಲಿನ ಡಾಕ್ಟರಿಗೂ ಅದೇ. ಅದೂ ಬಾಯಿ ತೆರೆದು ಮಲಗಿದ್ದಾಗ!

ಅವರಿಗೆ ಹಾಜಿ ಸಿಕ್ಕಿದ್ದೂ ಇಂಥ ಪ್ರಶ್ನೆಯಿಂದಲೇ. ಏಲಕ್ಕಿ, ಕೇಸರಿ ಕೊಳ್ಳಲು ಅಕ್ಕ, ಭಾವ, ನಾನು ಮೂವರೂ ಸೂಕ್ ವಾಕಿಫ್ ಎಂಬ ಹಳೆಯ ಪೇಟೆಗೆ ಹೋಗಿದ್ದೆವು. ಮಸಾಲೆ ಅಂಗಡಿಗಳ ಸಾಲಿನಿಂದ ಹೊರಬರುತ್ತಿದ್ದಂತೆ ಭಾವ “ಕುದುರೆ ಮಸಾಲೆ! ಕುದುರೆ ಮಸಾಲೆ!” ಎಂದು ಕೂಗಿ ಓಡಿದರು. ಅಕ್ಕ ಚೀಲ ಬಿಡಿಸಿಕೊಂಡು ಹಿಂದೆಯೇ ಓಡಿದಳು. “ರೀ, ಕಾಲು ಕೆಜಿ ಸಾಕು! ಬಿರಿಯಾನಿಗೆ ತಾನೇ?”

ಕುದುರೆ ಮಸಾಲೆ ಎಂಬುದು ದನ, ಆಡು, ಕುದುರೆಗಳಿಗೆ ಹಾಕುವ ಮೇವಿನ ಸೊಪ್ಪು ಎಂದು ನಮಗೇನು ಗೊತ್ತು! ಅಲ್ಲಿಯವರೇ ಆದ ಅರಬ್ ಮುದುಕರೊಬ್ಬರು, ಅವರೇ ಈ ಹಾಜಿ, ಪಿಕಪ್ ತುಂಬ ಅದನ್ನು ತುಂಬಿಕೊಂಡು ಬಂದಿದ್ದರು. ಭಾವ ಒಂದು ಕಡ್ಡಿ ಮುರಿದು ಬಾಯಿಗೆ ಹಾಕಿಕೊಂಡು ಅಗಿದರು. “ಉಪ್ಪು,” ಎಂದರು. ಆಮೇಲೆ ಹಿಂದಿಯಲ್ಲಿ ಶುರುವಾಯಿತು ವಿಚಾರಣೆ. ಬಾವಿ ಎಷ್ಟು ಆಳ? ನೀರು ಹಾಯಿಸುವುದು ಹೇಗೆ? ಅಪ್ಪನ ಕಾಲದಲ್ಲಿ ನೀರು ಹೇಗಿತ್ತು?

ಚಿಕ್ಕಂದಿನಲ್ಲಿ ತಂದೆಯ ಜೊತೆ ಮುಂಬೈಗೆ ಓಡಾಡಿದ್ದ ಹಾಜಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಮೊದಲು ಸಿಟ್ಟಾದರು. ನನ್ನ ಬಾವಿಯ ವಿಷಯ ಕೇಳಲು ನೀನು ಯಾರು? ಆದರೆ ಕೊನೆಯ ಪ್ರಶ್ನೆಗೆ ಮೆತ್ತಗಾದರು. ಅಪ್ಪನ ಕಾಲದಲ್ಲಿ ಆ ನೀರನ್ನು ಕುಡಿಯುತ್ತಿದ್ದರಂತೆ. ಈಗ ಬಾಯಿಗೆ ಹಾಕಲಾಗದು. ಉಮ್ಮ್ ಸಲಾಲ್ ಕಡೆ ಅವರದೊಂದು ಚಿಕ್ಕ ತೋಟ. ಖಲಾಸ್, ಬೇಸಾಯ ಸಾಕು, ಗೋಡೆ ಎಬ್ಬಿಸಿ ವಾರದ ಕೊನೆಗೆ ಮೋಜಿಗೆ ಬರುವವರಿಗೆ ಬಾಡಿಗೆಗೆ ಕೊಡೋಣ ಎಂದು ಗಂಡುಮಕ್ಕಳು ಹೇಳುತ್ತಿದ್ದಾರೆ. ಮುಂದಿನ ಬೇಸಿಗೆಯೊಳಗೆ ತೀರ್ಮಾನವಾಗಬೇಕು.

“ಈ ಸೊಪ್ಪು ನಿಮ್ಮ ಬಾವೀನ ಕುಡಿದು ಮುಗಿಸ್ತಿದೆ. ನನಗೊಂದು ಮೂಲೆ ಕೊಡಿ, ನಾಲ್ಕು ಚಾಪೆಯಷ್ಟು,” ಎಂದರು ಭಾವ. ಅಕ್ಕ ಇನ್ನೂ ಖಾಲಿ ಚೀಲ ಹಿಡಿದೇ ನಿಂತಿದ್ದಳು.

ಹಾಜಿ ಒಪ್ಪಿದರು. ಶುಕ್ರವಾರ ಬಂತೆಂದರೆ ಭಾವ ತೋಟಕ್ಕೆ ಹೊರಡತೊಡಗಿದರು. ಕಡಿಮೆ ನೀರು ಕುಡಿದು ಹೆಚ್ಚು ಬೆಲೆ ತರುವ ಬೆಳೆ ಬೇಕಿತ್ತು. ಏನು ಬೆಳೆಯುವುದು? ಉತ್ತರ ಸಿಕ್ಕಿದ್ದು, ನೀವು ಊಹಿಸಿದಂತೆ, ಯಾರದೋ ಬಾಲ್ಕನಿಯಲ್ಲಿ! ಉಡುಪಿಯ ಕುಟುಂಬವೊಂದು ಊಟಕ್ಕೆ ಕರೆದಿತ್ತು. ಅವರ ಕುಂಡದ ಬಸಳೆ ಬಳ್ಳಿ ಕಂಡು ಭಾವನ ಕಣ್ಣು ಅರಳಿತು. ಸೆಕೆಗೆ ಜಗ್ಗದ ಬಳ್ಳಿ. ಕರಾವಳಿಯವರು ಅದಕ್ಕಾಗಿ ಬಾಯಿ ಬಿಡುತ್ತಾರೆ, ಇಲ್ಲಿ ಸಿಗುವುದು ಬಾಡಿದ್ದು. ಊಟ ಮುಗಿಸಿ ಹೊರಟಾಗ ಭಾವನ ಜೇಬಿನಲ್ಲಿ ಬಸಳೆ ದಂಟುಗಳಿದ್ದವು. ಆ ಮನೆಯಾಕೆ ಅಕ್ಕನನ್ನು ಕೇಳಿದರಂತೆ, “ನಿಮ್ಮ ಯಜಮಾನರಿಗೆ ಸಾಂಬಾರು ಸಾಕಾಗ್ಲಿಲ್ವೋ ಏನೋ?”

ಸೆಪ್ಟೆಂಬರಿನಲ್ಲಿ ಹಾಜಿಯ ಮೂಲೆಯಲ್ಲಿ ಹಸಿರು ನೆರಳುಬಲೆ ಎದ್ದಿತು, ಹನಿ ನೀರಿನ ಪೈಪು ಹರಿದಾಡಿತು, ಖರ್ಜೂರದ ಗರಿ ಕತ್ತರಿಸಿ ಮಣ್ಣಿಗೆ ಹೊದಿಕೆ ಹಾಕಿದ್ದಾಯಿತು. ಮೂರು ವಾರದಲ್ಲಿ ಬಸಳೆಯೆಲ್ಲ ಸುಟ್ಟುಹೋಯಿತು!

ಬಾವಿಯ ಉಪ್ಪು ಎಳೆಯ ಬೇರುಗಳನ್ನು ತಿಂದುಹಾಕಿತ್ತು. ಅಂದು ಅಕ್ಕನೂ ನಾನೂ ತೋಟಕ್ಕೆ ಹೋಗಿದ್ದೆವು. ಹಾಜಿ “ಖಲಾಸ್” ಎಂದು ಕೈ ಝಾಡಿಸಿದರು. ಭಾವ? ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಭೂತಗನ್ನಡಿ ಹಿಡಿದು, “ಯಾಕೆ ಸತ್ತೆ? ಹೇಳು, ಯಾಕೆ ಸತ್ತೆ?” ಎಂದು ಒಂದೊಂದೇ ಗಿಡವನ್ನು ವಿಚಾರಿಸುತ್ತಿದ್ದರು. ಮುಖದಲ್ಲಿ ಎಂಥ ಉತ್ಸಾಹ! “ಸಾವಿನ ಮನೇಲಿ ಇಷ್ಟು ಖುಷಿಯಾಗಿರೋ ಮನುಷ್ಯನ್ನ ನಾನು ನೋಡೇ ಇಲ್ಲ ಕಣೇ,” ಎಂದಳು ಅಕ್ಕ.

ಆಗಲೇ ಅವರು “ಇಲ್ಲಿ ನೋಡಿ!” ಎಂದು ಚೀರಿದ್ದು. ಉಳಿದಿದ್ದ ದಂಟೊಂದನ್ನು ಅವರು ಕೆಲಸಗಾರರ ಕೋಣೆಯ ಗೋಡೆ ಬುಡದಲ್ಲಿ ಚುಚ್ಚಿ ಮರೆತಿದ್ದರು. ಅದು ಮಾತ್ರ ಮೊಣಕಾಲುದ್ದ ಬೆಳೆದು ನಗುತ್ತಿತ್ತು. ಅದರ ಮೇಲೆ ಎಸಿಯ ಪೈಪಿನಿಂದ ತೊಟ್ಟು ತೊಟ್ಟು ನೀರು ಬೀಳುತ್ತಿತ್ತು. ಭಾವ ಅಂಗೈ ಒಡ್ಡಿ ನಾಲಿಗೆಗೆ ಹಚ್ಚಿಕೊಂಡರು. “ಸಿಹಿ ನೀರು ಕಣಮ್ಮ! ಇಡೀ ದೋಹಾ ಇದನ್ನ ರಸ್ತೆಗೆ ಸುರೀತಿದೆ!”

ಮರುದಿನದಿಂದ ನಮ್ಮ ಕಟ್ಟಡಕ್ಕೆ ಗ್ರಹಚಾರ ಶುರು. ಪ್ರತಿ ಎಸಿಯ ಬಾಯಿಗೂ ಒಂದೊಂದು ಬಕೆಟ್. ದಿನಾ ಬೆಳಗ್ಗೆ ಭಾವ ಕ್ಯಾನು ಹಿಡಿದು ಮನೆ ಮನೆ ಬಾಗಿಲು ಬಡಿಯುತ್ತಿದ್ದರು. ತುಂಬಿದ ಕ್ಯಾನುಗಳು ಹಾಜಿಯ ಪಿಕಪ್ ಹತ್ತಿ ತೋಟಕ್ಕೆ ಹೋಗುತ್ತಿದ್ದವು. ಮಲಯಾಳಿ ವಾಚ್‌ಮನ್ ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಪಿಸುಗುಟ್ಟಿದ, “ಸಾರ್ ಮನೇಲಿ ನೀರು ಬರ್ತಿಲ್ವಾ ಮೇಡಂ? ಅವಮಾನ ಮಾಡ್ಕೋಬೇಡಿ, ನಾನು ಪ್ಲಂಬರ್ ಕಳಿಸ್ತೀನಿ.”

ಎರಡನೇ ಸಲದ ಸಸಿಗಳು ಎಸಿ ನೀರು ಕುಡಿದು ತಲೆಯೆತ್ತಿದವು. ಆದರೆ ನವೆಂಬರ್ ಬಂತು. ಹವೆ ತಂಪಾಯಿತು, ಜನ ಎಸಿ ಆರಿಸಿದರು. ಭಾವನಿಗೆ ದಿಗಿಲು! “ಇನ್ನೆರಡು ವಾರ ಹಾಕಿರಿ ಸಾರ್, ಸ್ವಲ್ಪ ಚಳಿ ತಡ್ಕೊಳ್ಳಿ,” ಎಂದು ಮಹಡಿ ಮಹಡಿ ಹತ್ತಿ ಬೇಡಿಕೊಂಡರು. ಅವರ ಮನೆಯಲ್ಲಂತೂ ಅಕ್ಕ ಸ್ವೆಟರಿನ ಮೇಲೆ ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಚಪಾತಿ ಲಟ್ಟಿಸುತ್ತಿದ್ದಳು.

“ರೀ, ನೀರು ಉಳಿಸೋಕೆ ಹೋಗಿ ಕರೆಂಟ್ ಪೋಲು ಮಾಡ್ತಿದ್ದೀರಲ್ಲ, ಇದು ಯಾವ ಸೀಮೆ ಉಳಿತಾಯ?”

ಭಾವ ಎದ್ದು ಹೋಗಿ ಎಸಿ ಆರಿಸಿದರು. ಮದುವೆಯಾದ ಮೇಲೆ ಅಕ್ಕ ಗೆದ್ದ ಮೊದಲ ವಾದ ಅದು. ಅಷ್ಟರಲ್ಲಿ ಸಸಿಗಳೂ ಗಟ್ಟಿಯಾಗಿದ್ದವು. ಉಳಿದ ಸಿಹಿ ನೀರಿಗೆ ಬಾವಿಯ ನೀರನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಮಗುವಿಗೆ ಖಾರ ರೂಢಿ ಮಾಡಿಸುವ ಹಾಗೆ, ಉಪ್ಪನ್ನು ರೂಢಿ ಮಾಡಿಸಿದರು. ಬಳ್ಳಿಗಳು ಮುನಿಸಿಕೊಂಡವು, ಎಲೆ ಉದುರಿಸಿದವು, ಕೊನೆಗೆ ಒಪ್ಪಿಕೊಂಡವು.

ಫೆಬ್ರವರಿಯಲ್ಲಿ ಮೊದಲ ಕಟಾವು. ಹಾಜಿ ಒಂದು ಎಲೆ ಬಾಯಿಗೆ ಹಾಕಿಕೊಂಡು ಲೋಳೆ ಲೋಳೆ ಎಂದು ಉಗಿದರು. “ಇದನ್ನು ತಿನ್ನುವುದು ಮನುಷ್ಯರಾ? ನಿಜ ಹೇಳು.” ಅನುಮಾನದಿಂದಲೇ ಕಟ್ಟುಗಳನ್ನು ಪಿಕಪ್‌ಗೆ ಹಾಕಿಕೊಂಡು ಅಲ್ ಮನ್ಸೂರಾಕ್ಕೆ ಬಂದರು. ಅಲ್ಲಿ ಮಂಗಳೂರಿನ ಬ್ಯಾರಿಯೊಬ್ಬರ ತರಕಾರಿ ಅಂಗಡಿ ಇದೆ. ಅವರು ಕಟ್ಟು ಬಿಚ್ಚಿ ಮೂಸಿ ನೋಡಿದರು.

“ಎಂತ ಮಾರಾಯ್ರೇ ಇದು! ಈಗ ಕೊಯ್ದ ಹಾಗೆ ಉಂಟಲ್ಲ! ವಿಮಾನದಲ್ಲಿ ಬಂದದ್ದಾ?”

“ಉಮ್ಮ್ ಸಲಾಲ್‌ದು,” ಎಂದರು ಭಾವ.

“ತಮಾಷೆ ಮಾಡ್ಬೇಡಿ. ನಾಳೆ ಉಂಟಾ? ನಾಡಿದ್ದು?”

ಹಾಜಿ ಅಂಗಡಿ ಬಾಗಿಲಲ್ಲೇ ಕುಳಿತರು. ಮಧ್ಯಾಹ್ನದೊಳಗೆ ಒಂದೇ ಒಂದು ಕಟ್ಟೂ ಉಳಿಯಲಿಲ್ಲ. ಕೊನೆಯ ಕಟ್ಟಿಗೆ ಇಬ್ಬರು ಹೆಂಗಸರು ಜಗಳಾಡಿ, ಆಮೇಲೆ ಅರ್ಧರ್ಧ ಹಂಚಿಕೊಂಡು, ಒಬ್ಬರಿಗೊಬ್ಬರು ಊರು ಕೇಳಿಕೊಂಡು ಹೋದರು. ಹಾಜಿ ಅವರನ್ನು ಕಣ್ಣು ಮಿಟುಕಿಸದೆ ನೋಡಿದರು. ಮೇವು ಕೊಳ್ಳಲು ಬಂದವರು ಯಾರೂ ಅದನ್ನು ಎದೆಗವಚಿಕೊಂಡು ಹೋದದ್ದನ್ನು ಅವರು ಕಂಡಿರಲಿಲ್ಲ.

ಮುಂದಿನ ತಿಂಗಳು ಮೇವಿನ ಅರ್ಧ ಹೊಲಕ್ಕೆ ನೀರು ಹಾಯಿಸುವುದು ನಿಂತಿತು. ಬಲೆ ದೊಡ್ಡದಾಯಿತು. ಅಕ್ಕಪಕ್ಕದ ಇಬ್ಬರು ಸಣ್ಣ ತೋಟದವರು ನೋಡಲು ಬಂದರು. ಹಾಜಿ ಎದೆಯುಬ್ಬಿಸಿ ಅರಬ್ಬಿಯಲ್ಲಿ ಒಂದು ಗಂಟೆ ಪಾಠ ಹೇಳಿದರು. ಬೇರು, ಉಪ್ಪು, ಎಸಿ, ಎಲ್ಲ ಬಂತು. ಭಾವನ ಕಡೆ ಕೈ ತೋರಿಸಿ ಏನೋ ಅಂದರು. ಅವರಿಬ್ಬರೂ ಭಾವನ ಬೆನ್ನು ತಟ್ಟಿದರು. ಏನು ಹೇಳಿದಿರಿ ಎಂದು ನಾನು ಕೇಳಿದ್ದಕ್ಕೆ ಹಾಜಿ ಗಂಭೀರವಾಗಿ ಅಂದರು, “ಇವನೂ ನನಗೆ ಸ್ವಲ್ಪ ಸಹಾಯ ಮಾಡಿದ, ಅಂದೆ.”

ಗೋಡೆ ಎಬ್ಬಿಸಿ ತೋಟವನ್ನು ಬಾಡಿಗೆಗೆ ಕೊಡುವ ಮಕ್ಕಳ ಮಾತು ಏನಾಯಿತು ಎಂದು ಭಾವನೂ ಕೇಳಲಿಲ್ಲ, ಹಾಜಿಯೂ ಹೇಳಲಿಲ್ಲ.

ಏಪ್ರಿಲ್ ಕೊನೆಯ ಒಂದು ಶುಕ್ರವಾರ ಭಾವನ ಜೊತೆ ನಾನೂ ಹೋಗಿದ್ದೆ. ಅಕ್ಕ ಬಂದಿರಲಿಲ್ಲ. ಇಳಿಹೊತ್ತಿನ ನಮಾಜಿಗೆ ಹಾಜಿ ಚಾಪೆ ಹಿಡಿದು ಬಂದರು. ಬಲೆಯ ನೆರಳಿನಲ್ಲಿ, ಎರಡು ಸಾಲಿನ ನಡುವಿನ ದಾರಿ ಅವರ ದಿನನಿತ್ಯದ ಜಾಗ. ಅಂದು ಒಂದು ಬಳ್ಳಿ ದಾರಿಗೆ ಅಡ್ಡ ಹರಿದಿತ್ತು. ಹಾಜಿ ಸೊಂಟ ಹಿಡಿದು ಬಗ್ಗಿ, ಎರಡು ಬೆರಳಲ್ಲಿ ಅದರ ಕುಡಿ ಎತ್ತಿ, ಬಳ್ಳಿ ಹಬ್ಬಲೆಂದು ಕಟ್ಟಿದ್ದ ದಾರಕ್ಕೆ ಆನಿಸಿದರು. ಜಾರಿತು. ಮತ್ತೆ ಆನಿಸಿದರು, ಮತ್ತೆ ಜಾರಿತು. ಒಂದು ಕ್ಷಣ ನಿಂತು ನೋಡಿ, ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಲೆಯಾಚೆ ಹೋಗಿ, ಬಿಸಿಲಿನಲ್ಲಿ ಕಲ್ಲು ನೆಲದ ಮೇಲೆ ಹಾಸಿ ನಿಂತರು.

ಇರುವೆಗಳ ಬಗ್ಗೆ ಏನೋ ಹೇಳುತ್ತಿದ್ದ ಭಾವ ನನ್ನ ಕಡೆ ತಿರುಗಿದರು.

“ಇನ್ನು ನಾನು ಹೊರಡಬಹುದು ಕಣಮ್ಮ.”

“ಈಗಲೇನಾ? ಚಹಾ ಕುಡ್ಕೊಂಡು ಹೋಗೋಣ ಭಾವ.”

“ಊರಿಗೆ ಕಣಮ್ಮ. ಕಂಪನಿಯವರು ಕಾಗದ ಕೊಟ್ಟು ಒಂದು ತಿಂಗಳಾಯ್ತು. ಜೂನ್‌ಗೆ ಕೆಲಸ ಮುಗೀತು. ನಿಮ್ಮಕ್ಕನಿಗೂ ಹೇಳಿಲ್ಲ.” ಅವರು ಅಂಗೈಯ ಮಣ್ಣನ್ನು ಉಜ್ಜುತ್ತಲೇ ಇದ್ದರು. “ನಾನು ಹೋದ್ಮೇಲೆ ಇವನ್ನೆಲ್ಲ ಕಿತ್ತಾಕಿಬಿಡ್ತಾರೇನೋ ಅಂತ ಅನ್ನಿಸ್ತಿತ್ತು. ಅದನ್ನ ನೆನೆಸ್ಕೊಂಡ್ರೆ ಯಾರಿಗೂ ಹೇಳೋಕೆ ಬಾಯಿ ಬರ್ತಿರ್ಲಿಲ್ಲ.”

ವರ್ಷಗಟ್ಟಲೆ ಈ ಮನುಷ್ಯನನ್ನು ನೆನೆದು ನಕ್ಕಿದ್ದ ನಾನು, ನನ್ನ ಬಾಟಲಿಯ ನೀರನ್ನು ಅವರ ಅಂಗೈಗೆ ಸುರಿದೆ.

ನಮಾಜು ಮುಗಿಸಿದ ಹಾಜಿ ಮೊಣಕಾಲಿಗಂಟಿದ ಹರಳು ಝಾಡಿಸಿಕೊಂಡು “ಯಲ್ಲಾ, ಚಹಾ!” ಎಂದು ಕರೆದರು. ಮೂವರೂ ಕುಳಿತೆವು. ಬರುವ ಸೆಪ್ಟೆಂಬರಿನಲ್ಲಿ ಯಾವ ಸಾಲಿಗೆ ಏನು ನೆಡಬೇಕು, ಬಲೆಯನ್ನು ಎಲ್ಲಿಯವರೆಗೆ ಎಳೆಯಬೇಕು ಎಂದು ಹಾಜಿ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತ ಹೋದರು. ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪ್ರತಿಯೊಂದು ಗೆರೆಗೂ ತಲೆಯಾಡಿಸಿದರು.